ಪದಕದ ಬೆನ್ನಿನ ನಂಬರು

ಮೂವತ್ತು ವರ್ಷ ಒಂದು ಸಿಟ್ಟನ್ನು ಹಳಸದಂತೆ ಇಟ್ಟುಕೊಳ್ಳುವುದು ಹುಡುಗಾಟದ ಮಾತಲ್ಲ. ದಿನಕ್ಕೊಮ್ಮೆಯಾದರೂ ಹೊರಗೆ ತೆಗೆದು ಒರೆಸಿಡಬೇಕು. ಅಕ್ಷರದಕ್ಕನಿಗೆ ಇದೇನೂ ಕಷ್ಟವಾಗಿರಲಿಲ್ಲ, ಏಕೆಂದರೆ ಒರೆಸಿ ಹೊಳಪು ಕೊಡುವುದೇ ಅವಳ ಕಸುಬು.

ಶಾಲೆಯ ರಸ್ತೆಯಲ್ಲಿ, ಹೊಲಿಗೆ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಸಿಕ್ಕಿಹಾಕಿಕೊಂಡ ಕಿರಿದಾದ ಅಂಗಡಿ ಅವಳದು. ಬಾಗಿಲಿನ ಫಲಕ, ಕಪ್, ಶೀಲ್ಡು, ನಾಯಿಯ ಕೊರಳ ಬಿಲ್ಲೆ, ಏನು ತಂದುಕೊಟ್ಟರೂ ಅದರ ಮೇಲೆ ಹೆಸರು ಕೆತ್ತಿಕೊಡುತ್ತಿದ್ದಳು. ಬೀದಿಯವರು ಅವಳನ್ನು ಅಕ್ಷರದಕ್ಕ ಎಂದು ಕರೆಯುತ್ತಿದ್ದುದು ಅದಕ್ಕೇ. ಅಂಗಡಿ ಅಪ್ಪನದು, ಉಳಿಗಳು ಅಪ್ಪನವು, ಕೆತ್ತುವಾಗ ಸಾಮಾನು ಅಲ್ಲಾಡದಂತೆ ಅಡಿಗಿಡುವ, ಮರಳು ತುಂಬಿದ ಚರ್ಮದ ದಿಂಬೂ ಅಪ್ಪನದೇ. ಸಿಟ್ಟೊಂದು ಮಾತ್ರ ಅವಳ ಸ್ವಂತ ಸಂಪಾದನೆ.

ಸಿಟ್ಟು ಸೀಟಿ ಮೇಷ್ಟ್ರ ಮೇಲೆ. ಮೇಷ್ಟ್ರು ಈಗ ಅದೇ ಶಾಲೆಯ ಹೆಡ್ಮಾಸ್ಟರು, ತಲೆ ಪೂರ್ತಿ ನರೆತಿದೆ, ಈ ವರ್ಷ ನಿವೃತ್ತಿ. ಆದರೆ ಆಗ ಅವರು ಕೊರಳಲ್ಲಿ ಸೀಟಿ ತೂಗಿಹಾಕಿಕೊಂಡು ಮಕ್ಕಳನ್ನು ಓಡಿಸುತ್ತಿದ್ದ ಹೊಸ ಡ್ರಿಲ್ ಮೇಷ್ಟ್ರು. ಆಗಿನ ಕಾಲಕ್ಕೆ ಶಾಲೆಯಲ್ಲಿ ಒಂದು ಬೆಳ್ಳಿಯ ಕಪ್ ಇತ್ತು. ಗೇಟಿನಿಂದ ಹೊರಟು, ನೀರಿನ ಟ್ಯಾಂಕ್ ಸುತ್ತಿ, ಮತ್ತೆ ಗೇಟಿಗೇ ಬಂದು ಮುಟ್ಟುವ ಎರಡು ಮೈಲಿಯ ಓಟದಲ್ಲಿ ಗೆದ್ದವರ ಹೆಸರನ್ನು ಪ್ರತಿ ವರ್ಷ ಅದರ ಮೇಲೆ ಕೆತ್ತಿಸುತ್ತಿದ್ದರು. ಕೆತ್ತುತ್ತಿದ್ದವನು ಅವಳಪ್ಪ. ಓಟಕ್ಕೆ ಒಂದು ವಾರ ಮುಂಚೆ ಹೊಳಪಿಗೆಂದು ಕಪ್ ಅಂಗಡಿಗೆ ಬರುತ್ತಿತ್ತು, ಓಟ ಮುಗಿದ ಮೇಲೆ ಹೆಸರಿಗೆಂದು ಇನ್ನೊಮ್ಮೆ ಬರುತ್ತಿತ್ತು. ಯಾರ್ಯಾರದೋ ಮಕ್ಕಳ ಹೆಸರನ್ನು ಅಪ್ಪ ಉಸಿರು ಬಿಗಿಹಿಡಿದು ಕೆತ್ತುವುದನ್ನು ನೋಡುತ್ತಲೇ ಅವಳು ಬೆಳೆದಳು. ಅವಳಿಗಿದ್ದದ್ದು ಒಂದೇ ಆಸೆ. ಆ ಕಪ್ಪಿನ ಮೇಲೆ ಅಪ್ಪನ ಕೈಯಿಂದ ತನ್ನ ಹೆಸರು ಬೀಳಬೇಕು.

ಹನ್ನೆರಡನೆಯ ವಯಸ್ಸಿಗೆ ವರ್ಷಪೂರ್ತಿ ಬೆಳಗ್ಗೆ ಎದ್ದು ಓಡಿದಳು. ಮಂಡಿ ಒಡೆದುಕೊಂಡಳು, ಎರಡು ಜೊತೆ ಬೂಟು ಸವೆಸಿದಳು. ಆ ವರ್ಷ ಕಪ್ ಹೊಳಪಿಗೆ ಬಂದಾಗ ಅಪ್ಪ ಅದನ್ನು ಮುಟ್ಟಲೂ ಬಿಡಲಿಲ್ಲ. "ಈಗ ಮುಟ್ಬೇಡ, ಗೆದ್ದು ತಗೊಂಡು ಬಾ," ಅಂದ. ತಾನೇ ಬಟ್ಟೆ ಸುತ್ತಿ, ಗುನುಗಿಕೊಂಡು, ಗುರುವಾರವೇ ಶಾಲೆಗೆ ಮುಟ್ಟಿಸಿ ಬಂದ. ಶನಿವಾರ ಅವಳು ಗೆದ್ದಳು. ಕೂದಲೆಳೆಯ ಗೆಲುವಲ್ಲ, ಎರಡನೆಯವಳು ಇನ್ನೂ ಸೈಕಲ್ ಅಂಗಡಿಯ ಹತ್ತಿರ ಏದುಸಿರು ಬಿಡುತ್ತಿದ್ದಾಗ ಇವಳು ಗೇಟು ಮುಟ್ಟಿ ನೀರು ಕುಡಿಯುತ್ತಿದ್ದಳು. ಆ ಎರಡನೆಯವಳು ಸೀಟಿ ಮೇಷ್ಟ್ರ ಸ್ವಂತ ಅಕ್ಕನ ಮಗಳು.

ಬಹುಮಾನದ ಹೊತ್ತಿಗೆ ಮೇಷ್ಟ್ರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಈ ವರ್ಷದಿಂದ ಮೊದಲು, ಎರಡನೆಯದು ಎಂಬುದಿಲ್ಲ, ಕಪ್ ಇಲ್ಲ, ಓಡಿದವರೆಲ್ಲ ಗೆದ್ದವರೇ, ಎಲ್ಲರಿಗೂ ಒಂದೊಂದು ಪದಕ ಎಂದರು. ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಬಿತ್ತು. ಅವಳು ತಿರುಗಿ ಅಪ್ಪನನ್ನು ಹುಡುಕಿದಳು. ಅಪ್ಪ ಜಗಳಕ್ಕೆ ಹೋಗುತ್ತಾನೆ, ವೇದಿಕೆ ಹತ್ತಿ ಮೇಷ್ಟ್ರ ಕೊರಳಪಟ್ಟಿ ಹಿಡಿಯುತ್ತಾನೆ ಅಂದುಕೊಂಡಿದ್ದಳು. ಅಪ್ಪ ಎದೆಯ ಮೇಲೆ ಕೈಯಿಟ್ಟು ಮೇಷ್ಟ್ರಿಗೆ ತಲೆ ಬಗ್ಗಿಸಿದ. ತನ್ನ ಮಗಳ ಗೆಲುವನ್ನು ನುಂಗಿದವನಿಗೆ! ಅವತ್ತಿನಿಂದ ಅವಳ ಹೊಟ್ಟೆಯಲ್ಲಿ ಹೊತ್ತಿದ ಬೆಂಕಿ ಆರಲೇ ಇಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಯಿತು. ಕೊನೆಯತನಕ ಆ ವಿಷಯ ತೆಗೆದಾಗಲೆಲ್ಲ ಅವನು ಎದ್ದು ಹೊರಗೆ ಹೋಗುತ್ತಿದ್ದ.

ಇಷ್ಟಾದರೂ ಶಾಲೆಯ ಪದಕಗಳು ಕೆತ್ತನೆಗೆ ಬರುತ್ತಿದ್ದುದು ಅವಳ ಅಂಗಡಿಗೇ, ಬೇರೆ ಅಂಗಡಿ ಹತ್ತಿರದಲ್ಲಿರಲಿಲ್ಲ. ವರ್ಷ ವರ್ಷವೂ ಹಲ್ಲು ಕಡಿದುಕೊಂಡು 'ಓಡಿದವರೆಲ್ಲ ಗೆದ್ದವರು' ಎಂದು ಕೆತ್ತಿ, ಅಡಿಯಲ್ಲಿ ಮಗುವಿನ ಹೆಸರು ಹಾಕುತ್ತಿದ್ದಳು. ಮೇಷ್ಟ್ರು ಹೆಡ್ಮಾಸ್ಟರಾದಾಗ ಅವರ ಕೋಣೆಯ ಹಿತ್ತಾಳೆ ಫಲಕವನ್ನೂ ಅವಳೇ ಕೆತ್ತಿದಳು. ಕೊನೆಯ ಅಕ್ಷರವನ್ನು ಒಂದು ಕೂದಲಿನಷ್ಟು ಓರೆ ಮಾಡಿಟ್ಟಳು. ಯಾರ ಕಣ್ಣಿಗೂ ಬೀಳದಷ್ಟು ಓರೆ. ಆದರೂ ಆ ಬಾಗಿಲು ದಾಟಿದಾಗಲೆಲ್ಲ ಅವಳಿಗೆ ಊಟ ಮಾಡಿದಷ್ಟು ತೃಪ್ತಿಯಾಗುತ್ತಿತ್ತು.

ಈಗ ಅವಳ ಮಗಳಿಗೆ ಹನ್ನೆರಡು. ಮನೆಯಲ್ಲಿ ಕರೆಯುವ ಹೆಸರು ಚಿಟ್ಟೆ, ಸ್ವಭಾವವೂ ಹೆಸರಿಗೆ ತಕ್ಕಂತೆ, ಹತ್ತು ಹೆಜ್ಜೆ ನಡೆದರೆ ಹನ್ನೊಂದು ಕಡೆ ನಿಲ್ಲುತ್ತದೆ. ಓಟದಲ್ಲೂ ಅಷ್ಟೆ. ದಾರಿಯಲ್ಲಿ ನಾಯಿಮರಿ ಕಂಡರೆ ನಿಲ್ಲುವಳು, ಗೆಳತಿಯ ಲೇಸು ಬಿಚ್ಚಿದರೆ ಕಟ್ಟುವಳು, ನಗುನಗುತ್ತಾ ಬಂದು ಪದಕ ಹಾಕಿಸಿಕೊಳ್ಳುವಳು. ಅಂಥ ಆರು ಪದಕ ಕಿಟಕಿಯ ಚಿಲಕಕ್ಕೆ ನೇತಾಡುತ್ತಿದ್ದವು. ಒಂದನ್ನು ಮೇಜಿನ ಕುಂಟುಕಾಲಿನ ಅಡಿಗೆ ಇಟ್ಟಿದ್ದಳು.

"ಗೆಲ್ಬೇಕು ಅಂತ ಒಂದು ದಿನವಾದ್ರೂ ಅನ್ನಿಸಲ್ವೇನೇ ನಿನಗೆ?" ಎಂದು ಅಮ್ಮ ಕೇಳುತ್ತಿದ್ದಳು.

"ಗೆದ್ರೂ ಇದೇ ಪದಕ ತಾನೇ ಅಮ್ಮ?" ಎಂದು ಚಿಟ್ಟೆ ಮೇಜು ಅಲ್ಲಾಡಿಸಿ ನೋಡುತ್ತಿದ್ದಳು. "ನೋಡು, ಈಗ ಕುಂಟಲ್ಲ."

ಮಗುವಿನ ಬಾಯಲ್ಲಿ ಮೇಷ್ಟ್ರೇ ಮಾತಾಡಿದಂತೆ ಅವಳಿಗೆ ಕೇಳಿಸುತ್ತಿತ್ತು. ನನ್ನ ಗೆಲುವನ್ನು ಕದ್ದದ್ದು ಸಾಲದೆ ನನ್ನ ಮಗಳ ಛಲವನ್ನೂ ಕದ್ದ ಮುದುಕ ಎಂದು ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟ್ರು ಹೂಮಾಲೆ ಹಾಕಿಸಿಕೊಂಡು ಮನೆಗೆ ಹೋಗುವುದಕ್ಕೆ ಇನ್ನು ಒಂದೇ ಓಟ ಬಾಕಿ. ಈ ವರ್ಷ ಬಿಟ್ಟರೆ ಕೈಗೆ ಸಿಗುವವರಲ್ಲ.

ದಾರಿ ತೋರಿಸಿದ್ದು ಶಾಲೆಯ ಗೇಟಿನಣ್ಣ, ಅದೂ ತನಗೇ ಗೊತ್ತಿಲ್ಲದೆ. ಓಟಕ್ಕೆ ಹೋದ ಮಕ್ಕಳೆಲ್ಲ ರಸ್ತೆಯಿಂದ ವಾಪಸ್ ಬಂದರೋ ಇಲ್ಲವೋ ಎಂದು ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕಾಗಿ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು, ಒಳಗೆ ಬಂದ ಒಬ್ಬೊಬ್ಬರ ಹೆಸರನ್ನೂ ಬಂದ ಹಾಗೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಈ ಸಲ ಶನಿವಾರ ಓಟ ಮುಗಿದ ಮೇಲೆ ಆಫೀಸಿನವರಿಗೆ ಪಟ್ಟಿ ಬರೆಯಲು ಪುರುಸೊತ್ತಿಲ್ಲದೆ, ಪದಕದ ಮೇಲಿನ ಹೆಸರುಗಳಿಗೆಂದು ಆ ನೋಟ್‌ಬುಕ್ಕನ್ನೇ ಅಂಗಡಿಗೆ ಕಳಿಸಿದರು.

ಅದೇ ಸಂಜೆ ಅವಳು ನೋಟ್‌ಬುಕ್ ಬಿಡಿಸಿದಳು. ಒಂದರಿಂದ ನೂರಾ ಹದಿನೆಂಟರವರೆಗೆ, ಯಾರ ಹಿಂದೆ ಯಾರು ಎಂಬುದೆಲ್ಲ ಅಲ್ಲಿತ್ತು. ಓಡಿದವರೆಲ್ಲ ಗೆದ್ದವರು ಅಂದ ಮೇಷ್ಟ್ರ ಮೂಗಿನ ಕೆಳಗೇ ಗೇಟಿನಣ್ಣ ಇಷ್ಟು ವರ್ಷ ಸತ್ಯ ಬರೆದಿಟ್ಟಿದ್ದ. ಅವಳು ನಕ್ಕ ನಗುವಿಗೆ ಪಕ್ಕದ ಹೊಲಿಗೆ ಅಂಗಡಿಯವನು ಮೆಷಿನ್ ನಿಲ್ಲಿಸಿ, "ಏನಕ್ಕಾ, ಲಾಟರಿ ಹೊಡೀತಾ?" ಎಂದು ಕೇಳಿದ.

"ಅದಕ್ಕಿಂತ ದೊಡ್ಡದು," ಅಂದಳು.

ಭಾನುವಾರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಳು. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು, ಆ ವಾರ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಖಂಡಿತ ಅಡ್ಡ ಬರುತ್ತಿದ್ದ. ಪದಕದ ಮುಂಭಾಗದ ಹೆಸರುಗಳನ್ನು ಕೆತ್ತನೆಯ ಮೆಷಿನ್ನಿಗೆ ಕೊಟ್ಟಳು. ಹಿಂಭಾಗದ ನಂಬರುಗಳನ್ನು ಮಾತ್ರ ಕೈಯಲ್ಲೇ ಕೆತ್ತಿದಳು. ಸೇಡು ತೀರಿಸುವ ಸುಖವನ್ನು ಮೆಷಿನ್ನಿಗೆ ಯಾಕೆ ಬಿಟ್ಟುಕೊಡಬೇಕು? ಪದಕವನ್ನು ಮರಳಿನ ದಿಂಬಿನ ಮೇಲೆ ಬೋರಲು ಹಾಕುವುದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಳ್ಳುವುದು, ಅಪ್ಪನ ಸಣ್ಣ ಉಳಿಯಿಂದ ಒಂದು, ಎರಡು, ಮೂರು ಎಂದು ತೋಡುವುದು. ಐವತ್ತರ ಹೊತ್ತಿಗೆ ಹೆಬ್ಬೆರಳು ಮರಗಟ್ಟಿತು, ಎಂಬತ್ತರ ಹೊತ್ತಿಗೆ ಕೊರಳು ಹಿಡಿದುಕೊಂಡಿತು. ಆದರೂ ಒಂದೇ ಒಂದು ಗೆರೆ ಓರೆಯಾಗಲಿಲ್ಲ.

ಕೊನೆಯ ಪುಟಕ್ಕೆ ಬಂದಳು. ನೂರಾ ಹದಿನೇಳು, ಚಿಟ್ಟೆ. ಅವಳ ಹಿಂದೆ ಇದ್ದದ್ದು ಒಂದನೇ ತರಗತಿಯ ಒಂದು ಪುಟಾಣಿ ಮಾತ್ರ. ಉಳಿ ಒಂದು ಗಳಿಗೆ ನಿಂತಿತು. ಇದೊಂದನ್ನು ಖಾಲಿ ಬಿಡಬಹುದಿತ್ತು. ಆದರೆ ಖಾಲಿ ಬಿಟ್ಟರೆ ಸ್ವಂತ ಮಗಳನ್ನು ಮಾತ್ರ ಬಿಟ್ಟಳೆಂದು ಊರೆಲ್ಲ ಆಡಿಕೊಳ್ಳುತ್ತದೆ. ಅಲ್ಲದೆ, ನಾಚಿಕೆಯಾದರೆ ಆಗಲಿ, ಆಗಲಾದರೂ ಹುಡುಗಿಗೆ ಛಲ ಬರುತ್ತದೆ ಎಂದುಕೊಂಡು ನೂರಾ ಹದಿನೇಳನ್ನು ಉಳಿದೆಲ್ಲದಕ್ಕಿಂತ ತುಸು ಆಳವಾಗಿಯೇ ಕೆತ್ತಿದಳು.

ಸೋಮವಾರ ಸಮಾರಂಭ. ಅಪ್ಪ ಅಮ್ಮಂದಿರೆಲ್ಲ ಕುರ್ಚಿಗಳಲ್ಲಿ ಕೂತಿದ್ದರು. ಮೇಷ್ಟ್ರು ಒಬ್ಬೊಬ್ಬ ಮಗುವಿಗೂ ಕೈಯಾರೆ ಪದಕ ಹಾಕಿ, ಬೆನ್ನು ತಟ್ಟಿ ಕಳಿಸುತ್ತಿದ್ದರು. ಅಕ್ಷರದಕ್ಕ ಮೂರನೆಯ ಸಾಲಿನಲ್ಲಿ ಕೈಕಟ್ಟಿಕೊಂಡು ಕಾದಳು. ಕಾಲು ಗಂಟೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಯಾವುದೋ ಒಂದು ಮಗು ಪದಕವನ್ನು ತಿರುಗಿಸಿತು.

ಅಷ್ಟೇ ಸಾಕಾಯಿತು. ಜೇನುಗೂಡಿಗೆ ಕಲ್ಲು ಬಿದ್ದಂತೆ ಮಕ್ಕಳೆಲ್ಲ ಎದ್ದರು. "ನಂದು ಒಂಬತ್ತು! ನಿಂದೆಷ್ಟು?" ಎಂದು ಒಬ್ಬನು ಇನ್ನೊಬ್ಬನ ಕೊರಳಿಗೇ ಕೈಹಾಕಿ ತಿರುಗಿಸಿ ನೋಡಿದ. "ನನ್ನ ನಲವತ್ತು ತಗೊಂಡು ನಿನ್ನ ಹನ್ನೆರಡು ಕೊಡು, ಎರಡು ಪೆನ್ಸಿಲ್ ಕೊಡ್ತೀನಿ," ಎಂದು ವ್ಯಾಪಾರ ಶುರುವಾಯಿತು. ಮೂರನೇ ನಂಬರು ಬಂದವನ ಅಪ್ಪ ಕುರ್ಚಿಯ ಮೇಲೆ ನಿಂತು ಶಿಳ್ಳೆ ಹಾಕಿದ. ತೊಂಬತ್ತನೇ ನಂಬರಿನ ಮಗುವಿನ ತಾಯಿ, "ನನ್ನ ಮಗೂಗೆ ಜ್ವರ ಇತ್ತು, ಜ್ವರದಲ್ಲೂ ಓಡಿದೆ, ಇದ್ಯಾವ ಮರ್ಯಾದೆ?" ಎಂದು ವೇದಿಕೆಯ ಕಡೆ ನುಗ್ಗಿದಳು. ಮೇಷ್ಟ್ರು ಕೈಯಲ್ಲಿದ್ದ ಪದಕವನ್ನು ತಿರುಗಿಸಿದರು. ಕನ್ನಡಕ ಸರಿಮಾಡಿಕೊಂಡು ನೋಡಿದರು. ಬಳಿಕ ತಲೆ ಎತ್ತಿ ಸೀದಾ ಮೂರನೆಯ ಸಾಲಿಗೇ ನೋಡಿದರು.

ಅವಳು ಕಣ್ಣು ತಪ್ಪಿಸಲಿಲ್ಲ. ಮೂವತ್ತು ವರ್ಷದಿಂದ ಈ ಒಂದು ನೋಟಕ್ಕಾಗಿಯೇ ಕಾದಿದ್ದಳು. ಅದರ ರುಚಿ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಒಂದನೇ ತರಗತಿಯ ಆ ಪುಟಾಣಿ ಪಕ್ಕದವರ ಬಾಯಲ್ಲಿ ತನ್ನ ನಂಬರು ಓದಿಸಿಕೊಂಡು, ಪದಕವನ್ನು ಅಂಗಿಯ ಒಳಗೆ ತೂರಿಸಿ, ಮೇಲಿನ ಗುಂಡಿ ಹಾಕಿಕೊಂಡದ್ದು ಕಣ್ಣಿಗೆ ಬಿದ್ದಾಗ ಮಾತ್ರ ಬಾಯಿ ಸ್ವಲ್ಪ ಕಹಿಯಾಯಿತು. ಅವಳು ಬೇರೆ ಕಡೆ ನೋಡಿದಳು.

ಚಿಟ್ಟೆ ಮನೆಯ ದಾರಿಯಲ್ಲಿ ಒಮ್ಮೆಯೂ ನಿಲ್ಲಲಿಲ್ಲ. ನಾಯಿಮರಿಗಳು ಎದುರಿಗೇ ಬಂದವು, ಆದರೂ ನಿಲ್ಲಲಿಲ್ಲ. ಬಾಗಿಲಲ್ಲಿ ಬೂಟು ಬಿಚ್ಚುತ್ತಾ ಕೇಳಿದಳು.

"ಇದನ್ನ ನೀನೇ ಕೆತ್ತಿದ್ಯಾ ಅಮ್ಮ?"

"ಸುಳ್ಳು ಕೆತ್ತಿಲ್ವಲ್ಲ."

"ನೀನೇ ಕೆತ್ತಿದ್ಯಾ ಅಂತ ಕೇಳ್ದೆ."

"ಹೂಂ. ನಾನೇ."

ಚಿಟ್ಟೆ ಬೂಟನ್ನು ಗೋಡೆಗೆ ಜೋಡಿಸಿಟ್ಟಳು. ಅವಳ ಮುಖದಲ್ಲಿ ಅಳುವಿನ ಸುಳಿವೂ ಇರಲಿಲ್ಲ. ಅಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ನಾಟಿತು, ಒಳ್ಳೆಯದೇ ಆಯಿತು ಎಂದುಕೊಂಡಳು.

ಮರುದಿನ ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದರು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಒಳಗಿನ ಮೂಲೆಯಲ್ಲಿ ಚಿಟ್ಟೆ ಲೆಕ್ಕ ಮಾಡುತ್ತಾ ಕೂತಿದ್ದಳು. ಅಕ್ಷರದಕ್ಕ ಎದ್ದು ನಿಲ್ಲಲಿಲ್ಲ, ಕೂರಿ ಎಂದೂ ಹೇಳಲಿಲ್ಲ. ಬೈಗುಳಕ್ಕೆ ಉತ್ತರವಾಗಿ ಹತ್ತು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದಳು.

"ಕೆತ್ತನೆ ಚೆನ್ನಾಗಿತ್ತಮ್ಮ," ಅಂದರು ಮೇಷ್ಟ್ರು. "ನಿಮ್ಮಪ್ಪನ ಕೈಯೇ ನಿನಗೂ ಬಂದಿದೆ."

"ಬಂದ ವಿಷಯ ಹೇಳಿ ಮೇಷ್ಟ್ರೇ."

"ನನ್ನ ಕೋಣೆ ಖಾಲಿ ಮಾಡ್ತಾ ಇದ್ದೆ. ಇದು ಬೀರುವಿನಲ್ಲಿತ್ತು. ಇನ್ನು ಇದನ್ನ ನಾನು ಕಾಯೋಕಾಗಲ್ಲ, ನೀನೇ ಇಟ್ಕೋ."

ಗಂಟು ಬಿಚ್ಚಿದರು. ಬೆಳ್ಳಿಯ ಕಪ್, ಕಪ್ಪಿಟ್ಟು ಹೋಗಿತ್ತು. ಅವಳು ಅಭ್ಯಾಸಬಲದಿಂದ ಸೆರಗಿನ ತುದಿಯಲ್ಲಿ ಉಜ್ಜಿದಳು. ಒಂದರ ಕೆಳಗೊಂದು ಹೆಸರು, ಎಲ್ಲ ಅಪ್ಪನ ಅಕ್ಷರ. ಪ್ರತಿ ಹೆಸರಿನ ಕೊನೆಗೆ ಅಪ್ಪ ಇಡುತ್ತಿದ್ದ ಸಾಸಿವೆಯಷ್ಟು ಒಂದೇ ಚುಕ್ಕೆ. ಕೊನೆಯ ಸಾಲಿನಲ್ಲಿ ಅವಳ ಹೆಸರಿತ್ತು. ಅದರ ಮುಂದೆ ಆ ವರ್ಷದ ಇಸವಿ, ಮತ್ತು ಎರಡು ಚುಕ್ಕೆ.

"ಹೆಸರು ಕೆತ್ತಿಸಿದ್ರಾ? ಕೆತ್ತಿಸಿಟ್ಕೊಂಡು ಬಚ್ಚಿಟ್ರಾ?" ಎಂದು ಕಿರುಚಿದಳು.

"ನಾನು ಕೆತ್ತಿಸಲಿಲ್ಲ. ಯೋಚನೆ ಮಾಡಿ ನೋಡು, ಓಟ ಆದ ಮೇಲೆ ಕಪ್ ನಿಮ್ಮ ಅಂಗಡಿಗೆ ಬಂತಾ?"

ಬಂದಿರಲಿಲ್ಲ. ಕಪ್ ಬಂದದ್ದು ಹೊಳಪಿಗೆ, ಒಂದೇ ಸಲ. ಹೋದದ್ದು ಗುರುವಾರ. ಅಪ್ಪ ಮುಟ್ಟಲು ಬಿಡದೆ, ಗುನುಗಿಕೊಂಡು, ತಾನೇ ಬಟ್ಟೆ ಸುತ್ತಿದ್ದು ನೆನಪಾಯಿತು.

"ಶುಕ್ರವಾರ ಗಂಟು ಬಿಚ್ಚಿದೆ, ನಿನ್ನ ಹೆಸರಿತ್ತು," ಅಂದರು ಮೇಷ್ಟ್ರು. "ನೀನು ಸೋತರೆ ನಿಮ್ಮಪ್ಪ ಊರ ಮುಂದೆ ನಗೆಪಾಟಲು. ಗೆದ್ದರೆ ಇನ್ನೂ ಕಷ್ಟ, ಓಟಕ್ಕೆ ಮುಂಚೆನೇ ಹೆಸರು ಕೆತ್ತಿದ್ದಾರೆ, ಎಲ್ಲ ಒಳಗೊಳಗೇ ಆಗಿದೆ ಅಂತಾರೆ. ನಿನ್ನ ಗೆಲುವನ್ನೂ ಯಾರೂ ನಂಬ್ತಿರಲಿಲ್ಲ, ನಿಮ್ಮಪ್ಪನಿಗೆ ಶಾಲೆ ಕೆಲಸಾನೂ ತಪ್ಪಿಹೋಗ್ತಿತ್ತು. ಬೆಳ್ಳಿಯಲ್ಲಿ ಕೆತ್ತಿದ್ದನ್ನ ಅಳಿಸೋಕಾಗುತ್ತಾ? ಶನಿವಾರ ಮೈಕ್ ಹಿಡಿಯೋ ತನಕ ನನಗೇನೂ ಹೊಳೀಲಿಲ್ಲ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ."

"ಅಪ್ಪ ನಿಮಗೆ ತಲೆ ಬಗ್ಗಿಸಿದ್ದು…"

"ಅದಕ್ಕೇ. ಆಮೇಲೆ ಬಂದು ಕೈ ಹಿಡ್ಕೊಂಡ್ರು. ಅವಳಿಗೆ ಮಾತ್ರ ಹೇಳ್ಬೇಡಿ, ಅಪ್ಪನೇ ಅವಳ ಕಪ್ ಕಳೆದ ಅಂತ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂದ್ರು. ಬೈಸ್ಕೊಳ್ಳೋಕೆ ನಾನಿದ್ದೀನಲ್ಲ ಅಂದೆ. ಇಷ್ಟು ವರ್ಷ ಬೈತೀಯ ಅಂತ ಅಂದ್ಕೊಂಡಿರಲಿಲ್ಲ." ನಗಲು ಹೋಗಿ ಅವರಿಗೆ ಆಗಲಿಲ್ಲ. "ಮುಂದಿನ ವರ್ಷ ಓಟಕ್ಕೆ ಮಕ್ಕಳು ಮೂರು ಪಟ್ಟು ಬಂದ್ರು. ಅವತ್ತು ತಪ್ಪಿಸ್ಕೊಳ್ಳೋಕೆ ಹೇಳಿದ್ದನ್ನ ಆಮೇಲೆ ನಾನೇ ನಂಬಿಬಿಟ್ಟೆ."

"ನಂಬಿ ಏನು ಸಾಧಿಸಿದ್ರಿ?" ಅವಳ ದನಿಯಲ್ಲಿ ಇನ್ನೂ ಸಿಟ್ಟಿತ್ತು. ಹೋಗಲು ಅದಕ್ಕೆ ಬೇರೆ ಜಾಗವಿರಲಿಲ್ಲ.

"ಓಡೋರು ಜಾಸ್ತಿ ಆದ್ರು, ನಿನ್ನ ಹಾಗೆ ಓಡೋರು ಮತ್ತೆ ಬರಲಿಲ್ಲ. ಎರಡೂ ನಿಜ ಕಣಮ್ಮ. ಯಾವುದು ಹೆಚ್ಚು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ." ಬಾಗಿಲ ಹತ್ತಿರ ನಿಂತು, ಹಿಂತಿರುಗದೆ ಹೇಳಿದರು. "ನೀನು ಗೆದ್ದಿದ್ದೆ. ಅದನ್ನ ಅವತ್ತೇ ಹೇಳ್ಬೇಕಿತ್ತು."

ಅವರು ಹೋದ ಮೇಲೆ ಅಕ್ಷರದಕ್ಕ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೂವತ್ತು ವರ್ಷ ಜೋಪಾನ ಮಾಡಿದ ಸೇಡು ಕೈಯಲ್ಲೇ ಉಳಿದಿತ್ತು, ಎಸೆಯಲು ಎದುರಿಗೆ ಯಾರೂ ಇರಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಆ ಎರಡು ಚುಕ್ಕೆ ಅಡ್ಡ ಬಂದವು. ಓಟಕ್ಕೆ ಎರಡು ದಿನ ಮುಂಚೆಯೇ ಗೆದ್ದೇ ಗೆಲ್ಲುತ್ತಾಳೆ ಎಂದು ಬೆಳ್ಳಿಯಲ್ಲಿ ಕೆತ್ತಿ ಕೂತ ಮನುಷ್ಯ! ಹುಚ್ಚಪ್ಪ. ಅವಳು ಆ ಚುಕ್ಕೆಗಳನ್ನು ಮತ್ತೆ ಸೆರಗಿನಲ್ಲಿ ಉಜ್ಜಿದಳು.

ಚಿಟ್ಟೆ ಯಾವಾಗಲೋ ಬಂದು ಪಕ್ಕದಲ್ಲಿ ನಿಂತಿದ್ದಳು. ಕಪ್ಪಿನ ಮೇಲಿನ ಹೆಸರನ್ನು ಬೆರಳಿಂದ ಮುಟ್ಟಿ ನೋಡಿದಳು.

"ನೀನು ಓಡೋಕೆ ಮುಂಚೆನೇ ತಾತ ಇದನ್ನ ಕೆತ್ತಿದ್ರಾ?"

"ಹೂಂ ಕಣೇ."

ಚಿಟ್ಟೆ ಕೊರಳಿನ ಪದಕವನ್ನು ತಿರುಗಿಸಿ ಅದರ ಬೆನ್ನನ್ನೂ ಹಾಗೆಯೇ ಮುಟ್ಟಿದಳು. "ಇದು ಅದಕ್ಕಿಂತ ಆಳ ಇದೆ," ಎಂದಳು. ಆಮೇಲೆ ಪುಸ್ತಕ ಎತ್ತಿಕೊಂಡು ಮನೆಗೆ ಹೋದಳು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಬಾಗಿಲು ಕಿರ್ರೆಂದಿತು. ಅಮ್ಮ ಎದ್ದು ಬಂದಳು. ಚಿಟ್ಟೆ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸನ್ನು ಬಿಗಿಯಾಗಿ ಎರಡು ಗಂಟು ಹಾಕುತ್ತಿದ್ದಳು. ಮೇಜಿನ ಕಾಲಿನ ಅಡಿಯ ಪದಕ ಅಲ್ಲಿರಲಿಲ್ಲ. ಕಿಟಕಿಯ ಚಿಲಕವೂ ಖಾಲಿ. ಎಲ್ಲವೂ ಕಸದ ಬುಟ್ಟಿಯಲ್ಲಿದ್ದವು. ಹೊಸದೊಂದು ಮಾತ್ರ, ಬೆನ್ನು ಮುಂದೆ ಮಾಡಿಕೊಂಡು, ಅವಳ ಕೊರಳಲ್ಲಿತ್ತು.

"ಓಡೋಕೆ ಹೊರಟ್ಯಾ?" ಅಮ್ಮನಿಗೆ ಅಷ್ಟೆಲ್ಲದರ ನಡುವೆಯೂ ಆಸೆ ತಡೆಯಲಾಗಲಿಲ್ಲ. "ಮುಂದಿನ ವರ್ಷಕ್ಕಾ?"

"ಹೂಂ. ಫಸ್ಟ್ ಬರ್ತೀನಿ. ನೋಡ್ತಾ ಇರು."

"ಬಂದೇ ಬರ್ತೀಯ. ಹೊಸ ಹೆಡ್ಮಾಸ್ಟರಿಗೆ ಹೇಳಿ ಮತ್ತೆ ಕಪ್ ಇಡಿಸೋಣ. ನಿನ್ನ ಹೆಸರನ್ನ ನನ್ನ ಕೈಯಾರೆ, ತಾತನ ಉಳಿಯಲ್ಲೇ…"

"ಬೇಡ," ಅಂದಳು ಚಿಟ್ಟೆ. ಎದ್ದು ನಿಂತು ಅಮ್ಮನನ್ನು ನೋಡಿದಳು. ಆ ನೋಟವನ್ನು ಅಕ್ಷರದಕ್ಕ ಮೂವತ್ತು ವರ್ಷ ಕನ್ನಡಿಯಲ್ಲಿ ದಿನಾ ನೋಡಿದ್ದಳು. "ಬಸ್ಸಲ್ಲಿ ಹೋಗಿ ಬೇರೆ ಅಂಗಡೀಲಿ ಕೆತ್ತಿಸ್ತೀನಿ. ನನ್ನ ಹೆಸರು ನೀನು ಕೆತ್ಬಾರದು."

ಹೇಳಿ ಓಡಿದಳು. ಸೈಕಲ್ ಅಂಗಡಿ ದಾಟಿದಳು, ನೀರಿನ ಟ್ಯಾಂಕಿನ ಕಡೆ ತಿರುಗಿದಳು. ಎಲ್ಲೂ ನಿಲ್ಲಲಿಲ್ಲ. ಚೆನ್ನಾಗಿಯೇ ಓಡುತ್ತಿದ್ದಳು.